ಹಿಂಬಾಗಿಲ ಚಪ್ಪಡಿ

ಮಾರ್ಚ್ 7

ಜೀವಶಾಸ್ತ್ರದ ನೋಟ್‌ಬುಕ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಉಳಿದಿದೆ. ಇನ್ನು ಜೀವಶಾಸ್ತ್ರಕ್ಕೆ ಅದು ಬೇಕಾಗಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಯಾರಿಗೂ ತೋರಿಸಲಿಕ್ಕಲ್ಲ. ಅಮ್ಮನ ಹತ್ತಿರ ಮಾತಾಡಿದರೆ ಜಗಳಕ್ಕೆ ತಿರುಗುತ್ತದೆ. ತಾತನ ಹತ್ತಿರ ಮಾತಾಡಿದರೆ ಕಿವಿ ಕೇಳಿಸದವನ ಹಾಗೆ ಕೂತಿರುತ್ತಾನೆ.

ಶಾಲೆ ಯಾಕೆ ಬಿಟ್ಟೆ ಎಂದು ಎಲ್ಲರೂ ಕೇಳುತ್ತಾರೆ, ಉತ್ತರ ಯಾರಿಗೂ ಬೇಕಿಲ್ಲ. ಇತಿಹಾಸದ ಮೇಷ್ಟ್ರು ನಮ್ಮ ಪ್ರಬಂಧಗಳನ್ನು ಓದುವುದಿಲ್ಲವೆಂದು ನನಗೆ ಅನುಮಾನವಿತ್ತು. ಹಾಗಾಗಿ ನನ್ನ ಪ್ರಬಂಧದ ನಟ್ಟನಡುವೆ ಕುರಿಮಾಂಸದ ಸಾರು ಮಾಡುವ ಕ್ರಮ ಬರೆದೆ. ಒಳ್ಳೆಯ ಅಂಕ ಬಂತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಚೆನ್ನಾಗಿ ವಾದಿಸಿದ್ದೀಯ' ಎಂದಿತ್ತು. ಆ ಪುಟವನ್ನು ತರಗತಿಯಲ್ಲಿ ಎದ್ದು ನಿಂತು ಓದಿದೆ. ಕ್ಷಮೆ ಕೇಳು ಎಂದರು. ಸುಳ್ಳು ಹೇಳಿದ್ದರೆ ಕೇಳುತ್ತಿದ್ದೆ.

ಬೆಳಗ್ಗೆ ಎದ್ದಾಗ ಅಡುಗೆಮನೆಯ ಕಿಟಕಿ ಪೂರ್ತಿ ತೆರೆದಿತ್ತು. ಒಲೆಯ ಬಿಸಿಯೆಲ್ಲ ಹೊರಗೆ ಹೋಗುತ್ತಿತ್ತು. ಮುಚ್ಚಲು ಹೋದರೆ ತಾತ ಊರುಗೋಲು ಅಡ್ಡ ಹಿಡಿದ.

"ಮುಚ್ಚಬೇಡ ಕಣೇ. ಬಂದಿದೆ."

ಕೆಳಗೆ ಜೌಗಿನ ಮೇಲೆ ಗಲ್ವಿನಿರ್ ಹಕ್ಕಿ ಕೂಗುತ್ತಿತ್ತು. ನಿಧಾನಕ್ಕೆ ಶುರುವಾಗಿ, ಮೇಲಕ್ಕೆ ಮೇಲಕ್ಕೆ ಏರಿ, ಕೊನೆಗೆ ನೀರಿನ ಗುಳ್ಳೆಗಳ ಹಾಗೆ ಒಡೆದುಹೋಗುವ ಕೂಗು. ಪ್ರತಿ ವರ್ಷ ಚಳಿ ಮುಗಿಯುವ ಮೊದಲು ಸಮುದ್ರದ ಕಡೆಯಿಂದ ಬರುತ್ತದೆ, ಕುಡುಗೋಲಿನಂತೆ ಬಾಗಿದ ಉದ್ದನೆಯ ಕೊಕ್ಕು ಹೊತ್ತುಕೊಂಡು. ಸುತ್ತಲ ಕಣಿವೆಗಳಲ್ಲಿ ಎಲ್ಲೂ ಬರುವುದಿಲ್ಲ ಈಗ, ನಮ್ಮಲ್ಲಿಗೆ ಮಾತ್ರ. ತಾತನಿಗೆ ಇದು ಕ್ರಿಸ್‌ಮಸ್ಸಿಗಿಂತ ದೊಡ್ಡದು. ನನಗೆ ಬರೀ ಚಳಿಯಾಯಿತು. ಅವನು ನಾಯಿಗೆ ಅನ್ನ ಹಾಕಲು ಹೋದ ತಕ್ಷಣ ಕಿಟಕಿ ಮುಚ್ಚಿದೆ.

ಲಿವರ್‌ಪೂಲಿನಿಂದ ಗೆಳತಿ ಲೌರಿ ಮೆಸೇಜ್ ಮಾಡಿದ್ದಾಳೆ. ಅವಳಿರುವ ಮನೆಯಲ್ಲಿ ಒಂದು ಕೋಣೆ ಖಾಲಿಯಾಗುತ್ತದಂತೆ. ಕುರಿಗಳು ಈಯುವ ಕೆಲಸ ಮುಗಿದ ಮೇಲೆ ಹೊರಡುತ್ತೇನೆ. ಈ ಕೊಳೆತ ಜೊಂಡಿನ ವಾಸನೆ ಸಾಕಾಗಿದೆ.

ಮಾರ್ಚ್ 29

ನಿದ್ದೆಯಿಲ್ಲ. ಕೈಯೆಲ್ಲ ಅಯೋಡಿನ್ ಮತ್ತು ಕುರಿಯ ವಾಸನೆ. ಇವತ್ತು ಒಂದು ಕುರಿ ಬೇಲಿ ದಾಟಿ ಪಕ್ಕದ ಹೊಲಮನೆ ಬ್ರಿನ್‌ಗ್ಲಾಸ್‌ನ ಹೇಡನ್‌ನ ಹೊಲದಲ್ಲಿ ಮರಿ ಹಾಕಿತು. ಹೇಡನ್ ತಾಯಿಯನ್ನೂ ಮರಿಯನ್ನೂ ಎತ್ತಿ ಗೇಟಿನ ಈಚೆ ಇಟ್ಟು, ಮಾತಾಡದೆ ಹೋದ.

ಅವನಿಗೂ ತಾತನಿಗೂ ಒಂಬತ್ತು ವರ್ಷದಿಂದ ಮಾತಿಲ್ಲ. ಮೊದಲು ಇಬ್ಬರೂ ಒಬ್ಬರ ಕುರಿಗಳ ಉಣ್ಣೆ ಇನ್ನೊಬ್ಬರು ಕತ್ತರಿಸಿಕೊಡುತ್ತಿದ್ದರು. ಆಮೇಲೆ ಯಾವುದೋ ಕುರಿನಾಯಿಗಳ ಸ್ಪರ್ಧೆಗೆ ತಾತ ತೀರ್ಪುಗಾರನಾದ. ಹೇಡನ್‌ನ ನಾಯಿಗೆ ಎರಡನೇ ಬಹುಮಾನ ಕೊಟ್ಟ. ಅಷ್ಟೇ. ನಾಯಿ ಸತ್ತು ಎಷ್ಟೋ ಕಾಲವಾಯಿತು. ಇವತ್ತು ಊಟದ ಹೊತ್ತಿಗೆ ತಾತನನ್ನು ಕೇಳಿದೆ, ಆ ನಾಯಿ ನಿಜವಾಗಿಯೂ ಎರಡನೆಯದಾ ಅಂತ.

"ನಿಜ ಹೇಳ್ಬೇಕಂದ್ರೆ ಮೂರನೇದು," ಅಂದ. "ಸ್ನೇಹಕ್ಕೆ ಒಂದು ಮೆಟ್ಟಿಲು ಹತ್ತಿಸಿದ್ದೆ."

ಈ ಮನೆಯಲ್ಲಿ ನನಗೆ ಹಿಡಿಸುವುದು ಇದೊಂದೇ.

ಏಪ್ರಿಲ್ 21

ಗಲ್ವಿನಿರ್ ಗೂಡು ಮಾಡಿದೆ. ಗೂಡು ಅನ್ನುವುದಕ್ಕೂ ಆಗುವುದಿಲ್ಲ, ಜೌಗಿನ ಅಂಚಿನಲ್ಲಿ ಎರಡು ಜೊಂಡುಗಂಟಿಗಳ ನಡುವೆ ಹುಲ್ಲನ್ನು ಎದೆಯಿಂದ ಒತ್ತಿ ಮಾಡಿದ ತಗ್ಗು. ನಾಲ್ಕು ಮೊಟ್ಟೆ, ಪಾಚಿ ಹತ್ತಿದ ಕಲ್ಲಿನ ಬಣ್ಣ. ತಾತನ ಸೊಂಟ ಅವನನ್ನು ಅಲ್ಲಿವರೆಗೆ ಬಿಡುವುದಿಲ್ಲ. ಹಾಗಾಗಿ ನಾನು ನೋಡಿ ಬಂದು ಹೇಳಬೇಕು. ಮೊಟ್ಟೆಯ ಚೂಪು ತುದಿ ಒಳಗಿತ್ತಾ ಹೊರಗಿತ್ತಾ ಎಂದು ಕೇಳಿದ. ನೋಡಲಿಲ್ಲ ಎಂದೆ. ಮತ್ತೆ ಕಳಿಸಿದ. ಒಳಗಿತ್ತು.

ವಾಪಸ್ ಬರುವಾಗ ಹೇಡನ್ ಗೇಟಿನ ಹತ್ತಿರ ನಿಂತಿದ್ದ. ತಾತನೂ ಕೋಲೂರಿಕೊಂಡು ಅಲ್ಲಿಯವರೆಗೆ ಬಂದ. ಇಬ್ಬರೂ ಗೇಟಿನ ಮೇಲೆ ಮೊಣಕೈ ಇಟ್ಟು, ಮುಖ ನೋಡದೆ, ಜೌಗನ್ನೇ ನೋಡುತ್ತ ನಿಂತರು. ಬಹಳ ಹೊತ್ತಾದ ಮೇಲೆ ಹೇಡನ್ ನನ್ನ ಕಡೆ ತಿರುಗಿ, ತಾತನಿಗೆ ಕೇಳಿಸುವಂತೆ ಹೇಳಿದ:

"ಮರಿ ಹೊರಬಿದ್ರೆ ನನ್ನ ಕೆಳಹೊಲಕ್ಕೂ ಬರ್ತಾವೆ. ಅವು ಹಾರೋವರೆಗೂ ಅಲ್ಲಿ ಹುಲ್ಲು ಕೊಯ್ಯಲ್ಲ ಅಂತ ಹೇಳು ನಿಮ್ಮ ತಾತನಿಗೆ."

ತಾತ ನನ್ನ ಕಡೆ ತಿರುಗಿದ. "ಹುಲ್ಲು ಬಲಿತು ಕೆಡುತ್ತೆ ಅಂತ ಹೇಳು ಅವನಿಗೆ."

"ಕೆಟ್ರೆ ಕೆಡಲಿ. ನಮ್ಮ ದನ ಮೇಯರ್ ಮಕ್ಕಳಲ್ಲ."

ತಾತ ನಕ್ಕ. ಹೇಡನ್‌ಗೆ ಆಶ್ಚರ್ಯವಾಯಿತು, ತಾತನಿಗೆ ಅದಕ್ಕಿಂತ ಹೆಚ್ಚು. ಆಮೇಲೆ ನನ್ನನ್ನು ಬಿಟ್ಟು ನೇರವಾಗಿಯೇ ಮಾತಾಡಿಕೊಂಡರು, ನರಿಯ ಬಗ್ಗೆ. ನಾನು ಕಾಲು ಬದಲಿಸುತ್ತ ನಿಂತು ಬೇಸರವಾಗಿ ಮನೆಗೆ ಬಂದುಬಿಟ್ಟೆ.

ಮೇ 3

ಮಳೆ. ಕೆಳಗಿನ ಗೇಟಿನ ಹತ್ತಿರ ದಾರಿಯ ಮೇಲೆ ನೀರು ನಿಂತು ಅಮ್ಮನ ಕಾರು ಮತ್ತೆ ಹೂತುಹೋಯಿತು. ವೃದ್ಧಾಶ್ರಮದ ಬೆಳಗಿನ ಪಾಳಿಗೆ ತಡವಾಗಿ, ಮೊಣಕಾಲವರೆಗೆ ಕೆಸರಾಗಿ ಹೋದಳು. ಆ ಮೂಲೆಯಲ್ಲಿ ಯಾವಾಗಲೂ ನೀರು ನಿಲ್ಲುತ್ತೆ, ಬಿಡು, ಎಂದು ತಾತ ಎಂದಿನಂತೆ ಹೇಳಿದ. ಅವನು ಬಿಡುವ ವಿಷಯ ಅದೊಂದೇ ಇರಬೇಕು.

ರಾತ್ರಿ ಊಟಕ್ಕೆ ಕೂತಾಗ ಅಮ್ಮ ಶುರುಮಾಡಿದಳು. ಲಿವರ್‌ಪೂಲಿಗೆ ಹೋಗುತ್ತೇನೆ ಅಂತೀಯ, ಹೋಗಲ್ಲ. ಓದ್ತೀನಿ ಅಂದೆ, ಓದಲಿಲ್ಲ. ಪಿಯಾನೋ ಅಂದೆ, ಈಜು ಅಂದೆ. "ನೀನು ಹುಟ್ಟಿದಾಗಿನಿಂದ ಒಂದು ಕೆಲಸಾನೂ ಕೊನೇವರೆಗೆ ಮಾಡಿಲ್ಲ ಮಾಬ್ಲಿ. ಹುಟ್ಟೋದನ್ನೂ ವೈದ್ಯರೇ ಎಳೆದು ಮುಗಿಸಬೇಕಾಯ್ತು."

ಅದು ನಿಜವಾದ್ದರಿಂದ ಎದ್ದು ತಟ್ಟೆ ತೊಳೆದೆ.

ಮೇ 6

ಇವತ್ತು ಒಂದು ಕೆಲಸ ಕೊನೆಯವರೆಗೆ ಮಾಡಿದೆ.

ತಾತನನ್ನು ಕರೆದುಕೊಂಡು ಅಮ್ಮ ಸೊಂಟದ ವೈದ್ಯರ ಹತ್ತಿರ ಹೋಗಿದ್ದಳು. ಮನೆಯಲ್ಲಿ ಕೂರಲಾಗದೆ ಸಲಿಕೆ ಹಿಡಿದು ದಾರಿಯ ನೀರು ನೋಡಲು ಹೋದೆ. ಜೌಗಿನ ಕೆಳತುದಿಯಲ್ಲಿ, ದಾರಿಯ ಅಡಿಯಿಂದ ಹೋಗುವ ಹಳೆಯ ಕಲ್ಲುಮೋರಿ ಇದೆ. ಅದರ ಬಾಯಿ ಕಾಣದ ಹಾಗೆ ಮುಳ್ಳುಪೊದೆ ಬೆಳೆದಿದೆ. ಪೊದೆ ಕಡಿದೆ. ಒಳಗೆ ಮೋರಿಯ ಬಾಯಿಗೆ ಒಂದು ಸ್ಲೇಟು ಚಪ್ಪಡಿ ಬಿದ್ದು ಅಡ್ಡವಾಗಿ ಕೂತಿತ್ತು. ಸುತ್ತ ಹುಲ್ಲುಹೆಂಟೆ, ಮಣ್ಣು, ಬೇರು. ಎಷ್ಟು ವರ್ಷದ್ದೋ.

ಕಟ್ಟಿಕೊಂಡ ಕಾಲುವೆ ಕಂಡರೆ ದಾಟಿ ಮುಂದೆ ಹೋಗಬಾರದು. ಇದನ್ನು ತಾತ ನನಗೆ ನಡೆಯಲು ಕಲಿಸಿದಾಗಲೇ ಕಲಿಸಿದ್ದಾನೆ. ಚರ್ಚಿನ ಬಟ್ಟೆಯಲ್ಲಿದ್ದರೂ ಸರಿ, ನಿಂತು, ಬೂಟಿನ ಹಿಮ್ಮಡಿಯಿಂದಾದರೂ ಬಿಡಿಸಿ ಹೋಗಬೇಕು. ಒಬ್ಬ ರೈತನ ಬಗ್ಗೆ ಇಲ್ಲಿ ಹೇಳಬಹುದಾದ ಅತ್ಯಂತ ಕೆಟ್ಟ ಮಾತು 'ಅವನ ಕಾಲುವೆ ನೋಡಿದ್ದೀಯಾ' ಎಂಬುದು.

ಮಧ್ಯಾಹ್ನವೆಲ್ಲ ಅಗೆದೆ. ಅಂಗೈ ಬೊಬ್ಬೆ ಬಂದು ಒಡೆಯಿತು. ಕೊನೆಗೆ ಹಾರೆ ಹಾಕಿ ಮೀಟಿದಾಗ ಚಪ್ಪಡಿ ಹೀರಿಕೊಂಡಂತೆ ಸದ್ದು ಮಾಡಿ ಮಗುಚಿತು. ಕಪ್ಪು ನೀರು ನನ್ನ ಗಮ್‌ಬೂಟು ತುಂಬಿಸಿ ಮೋರಿಯ ಒಳಗೆ ನುಗ್ಗಿತು. ದಾರಿಯ ಆಚೆ ಬದಿಗೆ ಓಡಿ ಹೋಗಿ ಅದು ಹೊರಬರುವುದನ್ನು ಕಾಯುತ್ತ ನಿಂತೆ. ಬಂತು. ಗಟ್ಟಿಯಾಗಿ ಕಿರುಚಿದೆ ಅಂತ ಕಾಣುತ್ತದೆ, ಕುರಿಗಳೆಲ್ಲ ತಲೆ ಎತ್ತಿ ನೋಡಿದವು.

ಒಳ್ಳೆಯ ಚಪ್ಪಡಿ, ಒಂದು ಮೂಲೆಯಲ್ಲಿ ತೂತಿದೆ. ಬಿಸಾಡಲು ಮನಸ್ಸಾಗದೆ ಕ್ವಾಡ್ ಬೈಕಿನ ಹಿಂದೆ ಕಟ್ಟಿ ಎಳೆದುಕೊಂಡು ಬಂದೆ. ತೊಳೆದು, ತೂತಿನ ಮೂಲೆ ಗೋಡೆಯ ಅಡಿಗೆ ಸೇರುವಂತೆ ಹಿಂಬಾಗಿಲಿಗೆ ಮೆಟ್ಟಿಲಾಗಿ ಕೂರಿಸಿದೆ. ಅಲ್ಲಿ ಇಳಿಯುವಾಗ ತಾತ ಪ್ರತಿಸಲ ತಡವರಿಸುತ್ತಿದ್ದ.

ಮೇ 9

ದಾರಿ ಒಣಗಿದೆ. ಅಮ್ಮ ಕಾರು ನಿಲ್ಲಿಸಿ ಇಳಿದು ನೆಲವನ್ನೇ ನೋಡಿದಳು. ನಾನು ಮೋರಿ ಬಿಡಿಸಿದೆ ಎಂದೆ. "ಕಡೆಗೂ," ಅಂದಳು, ಆದರೆ ಸಂಜೆ ನನಗೊಂದು ಜೊತೆ ಕೈಗವಸು ತಂದಳು.

ತಾತ ಮೆಟ್ಟಿಲ ಮೇಲೆ ನಿಂತು ಕೋಲಿನಿಂದ ತಟ್ಟಿ ನೋಡಿದ. "ಒಳ್ಳೆ ಸ್ಲೇಟು. ಎಲ್ಲಿ ಸಿಕ್ತು?"

"ದಾರಿ ಹತ್ರ ಬಿದ್ದಿತ್ತು."

"ಈಗಿನವರು ಇಂಥಾ ಕಲ್ಲು ಬಿಸಾಡ್ತಾರೆ," ಅಂತ ಗೊಣಗಿಕೊಂಡು ಒಳಗೆ ಹೋದ.

ಮೇ 19

ಮಳೆಯ ಸುಳಿವಿಲ್ಲ. ರೇಡಿಯೋದವರು ಒಳ್ಳೆಯ ಹವೆ ಅನ್ನುತ್ತಿದ್ದಾರೆ. ಜೌಗಿನ ನಡುವಿನ ಹೊಂಡದಲ್ಲಿ ಬಿಳಿ ಜೂಲಿನ ಹೂಗಳು ಕೆಸರಿನ ಮೇಲೆ ಮಲಗಿಬಿಟ್ಟಿವೆ. ಹೋದ ವರ್ಷ ಈ ಹೊತ್ತಿಗೆ ಅವು ನೀರಿನ ಮೇಲೆ ನಿಂತಿದ್ದವಾ? ನೆನಪಿಲ್ಲ, ಹೋದ ವರ್ಷ ನಾನು ನೋಡಿರಲಿಲ್ಲ.

ತಾಯಿಹಕ್ಕಿ ಕಾವು ಬಿಟ್ಟು ಏಳುವುದಿಲ್ಲ. ನಾನೀಗ ಹತ್ತಿರ ಹೋಗುವುದಿಲ್ಲ, ಗೋಡೆಯ ಮೇಲೆ ಕೂತು ತಾತನ ದುರ್ಬೀನಿನಲ್ಲಿ ನೋಡುತ್ತೇನೆ. ಗಂಡುಹಕ್ಕಿ ಕಾಗೆಗಳನ್ನು ಅಟ್ಟಿಸಿಕೊಂಡು ಹೋಗುತ್ತದೆ. ಮುಸ್ಸಂಜೆಗೆ ಇನ್ನೊಂದು ಪುಟ್ಟ ಹಕ್ಕಿ ಮೇಲೇರಿ ಕೆಳಕ್ಕೆ ಬೀಳುತ್ತ ಬಾಲದ ಗರಿಯಿಂದ ಆಡಿನಂತೆ ಸದ್ದು ಮಾಡುತ್ತದೆ. ಇವತ್ತು ಅದು ಇರಲಿಲ್ಲ. ಮನೆಗೆ ಬರುವಾಗ ಮೋರಿಯ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಇಷ್ಟು ಬಿಸಿಲಲ್ಲೂ ಸಣ್ಣಗೆ ಹರಿಯುತ್ತಲೇ ಇದೆ. ಆ ಸದ್ದು ಕೇಳಿದರೆ ನನಗೆ ಸಮಾಧಾನ.

ಮೇ 26

ಒಡೆದವು. ನಾಲ್ಕೂ.

ಮರಿಗಳಿಗೆ ಕೊಕ್ಕು ಇನ್ನೂ ಬಾಗಿಲ್ಲ, ಕಾಲು ಮಾತ್ರ ದೊಡ್ಡವರದ್ದು. ಹುಟ್ಟಿದ ದಿನವೇ ನಡೆಯುತ್ತವೆ. ತಾಯಿ ಅಪಾಯದ ಕೂಗು ಹಾಕಿದರೆ ಓಡುವುದಿಲ್ಲ, ಇದ್ದಲ್ಲೇ ಚಪ್ಪಟೆಯಾಗಿ ಕೂತು ನೆಲವಾಗಿಬಿಡುತ್ತವೆ. ತಾತನಿಗೆ ಹೇಳಿದೆ. ಕಿಟಕಿಯ ಹತ್ತಿರ ಕೂತು ಪ್ರತಿಯೊಂದನ್ನೂ ಎರಡೆರಡು ಸಲ ಹೇಳಿಸಿದ. ಆಮೇಲೆ, ಹೇಡನ್‌ಗೆ ಹೇಳಿದ್ಯಾ, ಹೋಗಿ ಹೇಳು, ಅಂದ.

ಹೇಡನ್ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ. ಎದ್ದು ಬಂದು, ಕೈ ಒರೆಸಿಕೊಂಡು, ಟೋಪಿ ಸರಿಮಾಡಿಕೊಂಡ. ಯಾರಾದರೂ ಮನೆಗೆ ಬಂದರೆ ಮಾಡುವಂತೆ.

ಜೂನ್ 2

ಹೊಂಡ ಕೆಸರಾಯಿತು, ಕೆಸರು ಬಿರುಕುಬಿಟ್ಟಿತು. ಗೊದಮೊಟ್ಟೆಗಳಿಗೆ ಹಿಂಗಾಲು ಬಂದಿವೆ, ಮುಂಗಾಲು ಬಂದಿಲ್ಲ. ಒಂದು ತಟ್ಟೆಯಷ್ಟು ನೀರಿನಲ್ಲಿ ಕಪ್ಪಗೆ ಕುದಿಯುತ್ತಿದ್ದವು. ಬೂದು ಬಕ ಅವಸರವಿಲ್ಲದೆ ತಿನ್ನುತ್ತ ನಿಂತಿತ್ತು. ಕೂಗಿದರೆ ಎರಡು ಹೆಜ್ಜೆ ಸರಿದು ಮತ್ತೆ ಬಂತು.

ಬೆಳಗ್ಗೆಯಿಂದ ಬಕೆಟ್ಟಿನಲ್ಲಿ ನೀರು ಹೊತ್ತೆ. ಮೋರಿಯಿಂದ ಹೊರಬರುವ ನೀರು ತುಂಬಿಸಿಕೊಂಡು ಏರಿ ಬಂದು ಸುರಿದರೆ ನೆಲ ಕುಡಿದುಬಿಡುತ್ತದೆ. ಮತ್ತೆ ಇಳಿಯಬೇಕು. ಮಧ್ಯಾಹ್ನಕ್ಕೆ ತೋಳು ಸೋತಿತು. ಉಳಿದವನ್ನು ಬಕೆಟ್ಟಿಗೇ ಹಾಕಿಕೊಂಡು ಬಂದೆ. ಹಿತ್ತಲ ಕುರಿತೊಟ್ಟಿಯಲ್ಲಿವೆ ಈಗ.

ಗಲ್ವಿನಿರ್ ಮರಿಗಳನ್ನು ನಡೆಸಿಕೊಂಡು ಕಾಲುವೆ ದಾಟಿ ಹೇಡನ್‌ನ ಕೆಳಹೊಲಕ್ಕೆ ಹೋಗಿದೆ. ಜೌಗಿನಲ್ಲಿ ಕೊಕ್ಕು ಇಳಿಯುವಷ್ಟು ಮೆತ್ತಗಿನ ಜಾಗ ಇಲ್ಲ. ಅಲ್ಲಿ ಹುಲ್ಲು ಎತ್ತರ, ಹುಳ ಇದೆ. ಹೇಡನ್ ಗೇಟಿನಿಂದಲೇ ಕೂಗಿ ಹೇಳಿದ, ನಮ್ಮಲ್ಲಿಗೆ ನೆಂಟರು ಬಂದಿದ್ದಾರೆ, ಉಣ್ಣಲಿ ಬಿಡು.

ತಾತ ಇಡೀ ದಿನ ಕಿಟಕಿಯಲ್ಲಿದ್ದ. "ಬರಗಾಲ ಎಷ್ಟೋ ನೋಡಿದ್ದೀನಿ. ಬರಗಾಲಕ್ಕೆ ಈ ಜೌಗು ಒಣಗಿದ್ದು ನೋಡಿಲ್ಲ. ಬೆಟ್ಟದ ಒರತೆ ಬತ್ತೋದಲ್ಲ."

ಆಮೇಲೆ, ತನಗೇ ಅನ್ನುವಂತೆ, "ಹೇಡನ್ ಮನೆಗೆ ಹೋದ ತಿಂಗಳು ನೆಲ ಅಗೆಯೋ ಡಿಗ್ಗರ್ ಬಂದಿತ್ತಲ್ಲ," ಅಂದ.

ಜೂನ್ 8, ಭಾನುವಾರ

ತಾತನನ್ನು ಚಾಪೆಲ್‌ಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ನಾನು ಕಾರಿನಲ್ಲೇ ಕೂತಿರುತ್ತೇನೆ. ಪ್ರಾರ್ಥನೆ ಮುಗಿದು ಹಿಂದಿನ ಕೋಣೆಯಲ್ಲಿ ಟೀ ಶುರುವಾದಾಗ ಮಾತ್ರ ಒಣದ್ರಾಕ್ಷಿ ಹಾಕಿದ ಬಾರಾಬ್ರಿತ್ ಬ್ರೆಡ್ಡು ತಿನ್ನಲು ಒಳಗೆ ಹೋಗುತ್ತೇನೆ. ಇವತ್ತೂ ಹೋದೆ. ಒಂದು ಹೋಳು ಬಾಯಿಗಿಟ್ಟಿದ್ದೆ.

ತಾತ ಟೀ ಬಟ್ಟಲು ಹಿಡಿದುಕೊಂಡು ಹೇಡನ್‌ನ ಎದುರಿಗೆ ಹೋಗಿ ನಿಂತ. "ಡಿಗ್ಗರ್ ಕೆಲಸ ಚೆನ್ನಾಗಿ ಆಯ್ತಾ ಹೇಡನ್?"

"ಆಯ್ತಪ್ಪ. ಕೊಟ್ಟಿಗೆಗೆ ಪಾಯ ಹಾಕಿಸ್ದೆ."

"ಕೊಟ್ಟಿಗೆಗೋ, ನನ್ನ ನೀರಿಗೋ?"

ಚಮಚಗಳ ಸದ್ದು ನಿಂತಿತು. ಹೇಡನ್‌ಗೆ ಮೊದಲು ಅರ್ಥವಾಗಲಿಲ್ಲ, ನಗಬೇಕೇ ಬೇಡವೇ ಎಂಬ ಮುಖ ಮಾಡಿದ. ತಾತ ಎಲ್ಲರಿಗೂ ಕೇಳಿಸುವಂತೆ ಹೇಳಿದ, ಒರತೆ ತಿರುಗಿಸಿಕೊಂಡಿದ್ದಾನೆ, ಜೌಗು ಒಣಗಿ ಬಿರುಕುಬಿಟ್ಟಿದೆ, ಹಕ್ಕಿಗೆ ಹುಲ್ಲು ಬಿಟ್ಟುಕೊಡುವ ನಾಟಕ ಬೇರೆ. ಕೊನೆಗೆ ಅಂದ:

"ಪಕ್ಕದವನ ನೀರು ಕದಿಯೋನ ನಾಯಿಗೆ ಎರಡನೇ ಬಹುಮಾನ ಬಂದಿದ್ದೇ ಹೆಚ್ಚು."

ಹೇಡನ್ ಬಟ್ಟಲನ್ನು ತಟ್ಟೆಯ ಮೇಲೆ ಇಟ್ಟ. ಟೋಪಿ ತೆಗೆದುಕೊಂಡು ಹೊರಗೆ ಹೋದ. ಗ್ವೆನೀರಾ ಪ್ರಿಸ್ ಮುದುಕಿ ಮಾತ್ರ ಬಂದು ನನ್ನ ತಟ್ಟೆಗೆ ಇನ್ನೊಂದು ಹೋಳು ಹಾಕಿದಳು, ಸಾವಿನ ಮನೆಯಲ್ಲಿ ಹಾಕುವ ಹಾಗೆ.

ಕಾರಿನಲ್ಲಿ ಕೇಳಿದೆ, ಒರತೆ ತಿರುಗಿಸಿದ್ದು ನೋಡಿದ್ಯಾ ತಾತ, ಅಂತ. ನೋಡಬೇಕಾಗಿಲ್ಲ ಅಂದ. ನೋಡದೆ ಹೇಳಬಾರದಿತ್ತು ಎಂದೆ. ನಾನೂ ನೋಡಿರಲಿಲ್ಲ, ಆದರೂ ಅವನು ಹೇಳಿದ್ದು ನಿಜವೇ ಇರಬೇಕು ಅನ್ನಿಸುತ್ತಿತ್ತು. ಇದನ್ನು ಬರೆದಿಡುತ್ತೇನೆ.

ಜೂನ್ 9

ಬೆಳಗ್ಗೆ ಯಂತ್ರದ ಸದ್ದಿಗೆ ಎಚ್ಚರವಾಯಿತು. ಗಮ್‌ಬೂಟು ಹಾಕಿಕೊಳ್ಳದೆ ಓಡಿದೆ.

ಹೇಡನ್ ಹೊಲದ ಅಂಚಿನಿಂದ ಶುರುಮಾಡಿ ಸುತ್ತುತ್ತ ಒಳಕ್ಕೆ ಬಂದಿದ್ದ. ನಿಂತ ಹುಲ್ಲು ನಡುವೆ ಒಂದು ಕೋಣೆಯಷ್ಟು ಉಳಿದಿತ್ತು. ಎರಡೂ ಹಕ್ಕಿಗಳು ಟ್ರ್ಯಾಕ್ಟರಿನ ಮೇಲೆ ಸುತ್ತುತ್ತಿದ್ದವು. ಅದು ಮಾರ್ಚಿನ ಕೂಗಲ್ಲ, ನಾಯಿ ಬೊಗಳಿದ ಹಾಗೆ ತುಂಡು ತುಂಡು. ಅಪಾಯ, ಅಪಾಯ ಅನ್ನುತ್ತಿದ್ದವು. ಅವು ಹಾಗೆ ಅಂದಷ್ಟೂ ಕೆಳಗೆ ಮರಿಗಳು ಕದಲದೆ ಕೂತಿರುತ್ತವೆ.

ನಾನು ಯಂತ್ರದ ಎದುರಿಗೆ ಹೋಗಿ ನಿಂತೆ. ನಿಲ್ಲಿಸಿದ. ಇಳಿಯಲಿಲ್ಲ.

"ಪಕ್ಕಕ್ಕೆ ಹೋಗು."

"ಮರಿ ಇದಾವೆ."

"ಗೊತ್ತು." ಬಹಳ ಹೊತ್ತು ಸ್ಟಿಯರಿಂಗ್ ನೋಡಿದ. "ಕಳ್ಳನ ಹೊಲದಲ್ಲಿ ಯಾಕಿರ್ಬೇಕು ಅವು? ನಿಮ್ಮ ತಾತನ ಹೊಲಕ್ಕೆ ಹೋಗ್ಲಿ."

ಆಮೇಲೆ ಯಂತ್ರ ಆರಿಸಿದ.

ಕೊಯ್ದ ಹುಲ್ಲಿನ ಸಾಲುಗಳನ್ನು ಕೈಯಿಂದ ಸರಿಸುತ್ತ ಹೋದೆ. ಎರಡು ಸತ್ತ ಮರಿ ಸಿಕ್ಕವು. ಮೂರನೆಯದು ಒಂದು ಇತ್ತು ಎಂದು ಹೇಳುವಷ್ಟು ಮಾತ್ರ. ಕಾಲುಗಳು ಅಷ್ಟು ಉದ್ದ ಬೆಳೆದಿದ್ದವು. ಉಳಿದ ನಿಂತ ಹುಲ್ಲಿನಲ್ಲಿ ನಾಲ್ಕನೆಯದಕ್ಕೆ ಹುಡುಕಿದೆ. ಇರಲಿಲ್ಲ. ಹೇಡನ್ ಇಳಿದು ಬಂದಿದ್ದ. ಅವನೂ ಬಗ್ಗಿ ಹುಡುಕುತ್ತಿದ್ದ. ಒಂದು ಹಿಡಿ ಹುಲ್ಲು ತೆಗೆದುಕೊಂಡು ಯಂತ್ರದ ಅಲಗನ್ನು ಒರೆಸಿದ. ಅಲಗಿಗೆ ಏನೂ ಹತ್ತಿರಲಿಲ್ಲ.

"ಬಾ ಇಲ್ಲಿ," ಅಂದ. "ನಿಮ್ಮ ತಾತ ನೋಡದೆ ಹೇಳ್ದ. ನೀನು ನೋಡಿ ಹೇಳು."

ಬೆಟ್ಟದ ಬುಡದವರೆಗೆ ನಡೆಸಿದ. ನನ್ನ ಕಾಲಿಗೆ ಮುಳ್ಳು ಚುಚ್ಚುತ್ತಿತ್ತು, ನಿಲ್ಲಿ ಅನ್ನಲಿಲ್ಲ. ಒರತೆ ಬಂಡೆಯ ಕೆಳಗಿಂದ ಎಂದಿನಂತೆ ಬರುತ್ತಿತ್ತು. ಯಾರೂ ಮುಟ್ಟಿರಲಿಲ್ಲ. ಅಲ್ಲಿಂದ ನೀರು ಇಳಿದು ನಮ್ಮ ಜೌಗಿಗೇ ಬರುತ್ತಿತ್ತು. ಅದರ ಜೊತೆಗೇ ನಾವೂ ಇಳಿದೆವು. ಒಣಗಿದ ಜೊಂಡಿನ ನಡುವೆ ಒಂದು ಹೊಸ ಗೀರು ಬಿದ್ದಿತ್ತು. ನೀರು ಎಲ್ಲೂ ನಿಲ್ಲದೆ ಅದರಲ್ಲಿ ನೆಟ್ಟಗೆ ಕೆಳಗೆ ಹೋಗುತ್ತಿತ್ತು. ಹೇಡನ್ ಮೋರಿಯ ಬಾಯಿಯವರೆಗೆ ಹೋಗಿ ನಿಂತ. ಕಡಿದ ಮುಳ್ಳುಪೊದೆ ನೋಡಿದ. ಬಗ್ಗಿ, ಕಲ್ಲಿನ ಎರಡೂ ಬದಿಯಲ್ಲಿ ಚಪ್ಪಡಿ ಕೂರಲು ಕೆತ್ತಿದ್ದ ಕೊರಕಲಿನ ಮೇಲೆ ಬೆರಳಾಡಿಸಿದ.

"ಯಾರೋ ತೆಗ್ದಿದ್ದಾರೆ."

"ನಾನು."

ನನ್ನನ್ನು ನೋಡಿದ. "ಯಾಕೆ?"

"ಕಟ್ಟಿಕೊಂಡಿತ್ತು."

ಬಯ್ಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ತಲೆಯಾಡಿಸಿದ, ಬೇರೆ ಉತ್ತರ ಇರಲು ಸಾಧ್ಯವೇ ಇಲ್ಲ ಎನ್ನುವ ಹಾಗೆ. "ನಾನಾಗಿದ್ರೂ ತೆಗೀತಿದ್ದೆ," ಅಂದ. ಅಲ್ಲೇ ಗೋಡೆಯ ಮೇಲೆ ಕೂತುಬಿಟ್ಟ. ಮೇಲೆ ಹಕ್ಕಿಗಳು ಇನ್ನೂ ಕೂಗುತ್ತಿದ್ದವು. ನಾವಿಬ್ಬರೂ ಎದುರುಬದುರು ಕೂತಿದ್ದೆವು, ಮುಖ ನೋಡಲಿಲ್ಲ.

ಜೂನ್ 10

ತಾತನಿಗೆ ಹೇಳಿದೆ. ನಿನ್ನೆಯೇ ಹೇಳಲು ಹೋದೆ, ಮರಿಗಳ ವಿಷಯ ಕೇಳಿ ಕೋಣೆಯ ಬಾಗಿಲು ಹಾಕಿಕೊಂಡಿದ್ದ. ಇವತ್ತು ಬೆಳಗ್ಗೆ ಹೇಳಿದೆ. ಹೇಡನ್ ನೀರು ಮುಟ್ಟಿಲ್ಲ, ಮೋರಿ ಬಿಡಿಸಿದ್ದು ನಾನು, ಎಂದೆ.

ಯಾವ ಮೋರಿ ಎಂದು ಕೇಳಲಿಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವನು ಸವರುತ್ತಲೇ ಇದ್ದ, ಚಾಕು ಬ್ರೆಡ್ಡನ್ನು ಹರಿಯುವವರೆಗೆ.

"ಅಲ್ಲಿ ಒಂದು ಚಪ್ಪಡಿ ಇತ್ತಲ್ಲ."

"ಇತ್ತು. ಬಿದ್ದು ಕೂತಿತ್ತು."

"ಬಿದ್ದಿದ್ದಲ್ಲ," ಅಂದ. "ನಾನು ಕೂರಿಸಿದ್ದು."

ಆಮೇಲೆ, ಕಿಟಕಿಯ ಕಡೆ ತಿರುಗಿ, ನಿಲ್ಲಿಸಿ ನಿಲ್ಲಿಸಿ ಹೇಳಿದ. ಹುಡುಗನಾಗಿದ್ದಾಗ ಅವನ ಅಪ್ಪನ ಜೊತೆ ಆ ಮೋರಿ ಕಟ್ಟಿದ್ದನಂತೆ, ಜೌಗು ಒಣಗಿಸಲು. ಒಣಗಿತು. ಹಕ್ಕಿ ಬರುವುದು ನಿಂತಿತು. ಯಾರೂ ಲೆಕ್ಕಕ್ಕಿಡಲಿಲ್ಲ. ಅಜ್ಜಿ ಸತ್ತ ವರ್ಷ ಒಬ್ಬನೇ ಹೋಗಿ, ಕಲ್ಲು ಕೆತ್ತಿ, ಹಳೆ ಗೇಟಿನ ಚಪ್ಪಡಿ ಇಳಿಸಿ, ಹುಲ್ಲುಹೆಂಟೆ ಮುಚ್ಚಿ ಬಂದ. ಮುಳ್ಳುಪೊದೆ ನೆಟ್ಟವನೂ ಅವನೇ. ಮೂರನೇ ವರ್ಷಕ್ಕೆ ಗಲ್ವಿನಿರ್ ಬಂತು.

"ಮನೇಲಿ ಸದ್ದೇ ಇರಲಿಲ್ಲ. ಏನಾದ್ರೊಂದು ಸದ್ದು ಬೇಕಿತ್ತು."

"ನನಗ್ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ಪೆನಗೋರ್ಸ್ ಎಮ್ರಿಸ್ ತನ್ನ ಕಾಲುವೆ ತಾನೇ ಕಟ್ಟಿಟ್ಟಿದ್ದಾನೆ ಅಂತ?"

ಊರವರು ಕರೆಯುವ ಹಾಗೆ ನಮ್ಮ ಹೊಲದ ಹೆಸರು ಸೇರಿಸಿ ತನ್ನನ್ನೇ ಕರೆದುಕೊಂಡು, ಕೆಸರು ತುಂಬಿದ ಕಾಲುವೆಗಿಂತ ಅದು ನಾಚಿಕೆಯ ವಿಷಯ ಎಂಬಂತೆ ಹೇಳಿದ. ಅವನಿಗೆ ಅದು ನಾಚಿಕೆಯೇ. ನನಗೆ ಸಿಟ್ಟು ಬಂತು. ಕಟ್ಟಿಕೊಂಡದ್ದನ್ನು ಬಿಡಿಸು ಅಂತ ಕಲಿಸಿದವನು ನೀನೇ ಎಂದೆ. ಹೌದು ಅಂದ. ಭಾನುವಾರ ಚಾಪೆಲ್‌ನಲ್ಲಿ ಎಲ್ಲರ ಎದುರಿಗೆ ಹೇಡನ್‌ಗೆ ಕ್ಷಮೆ ಕೇಳು ಎಂದೆ. ಹೇಡನ್ ಮರಿಗಳನ್ನು ಕೊಂದಿಲ್ಲವಾ, ಅಲ್ಲಿಗಲ್ಲಿಗೆ ಸರಿಹೋಯ್ತು, ಸುಮ್ಮನಿರು, ಅಂದ. ಒಂದು ಮೂಲೆಯಲ್ಲಿ ತೂತಿತ್ತು ಆ ಚಪ್ಪಡಿಗೆ, ಎಲ್ಲಿ ಎಸೆದೆ, ಎಂದು ಕೇಳಿದ.

ಹಿಂಬಾಗಿಲಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಅದರ ಮೇಲೆ ನಿಂತೇ ಅವನು ಒಂದು ತಿಂಗಳು ಹಲ್ಲುಜ್ಜಿದ್ದಾನೆ.

ಜೂನ್ 11

ಚಪ್ಪಡಿ ವಾಪಸ್ ಕೂರಿಸಿದೆ. ತೆಗೆಯುವುದಕ್ಕಿಂತ ಕಷ್ಟ. ನೀರು ನಿಲ್ಲುವಷ್ಟು ಈಗ ನೀರಿಲ್ಲ.

ಜೂನ್ 15

ತಾತ ಬರಲಿಲ್ಲ. ಸೊಂಟ ನೋವು ಅಂದ. ಒಬ್ಬಳೇ ಹೋದೆ. ಈ ಸಲ ಕಾರಿನಲ್ಲಿ ಕೂರದೆ ಒಳಗೆ ಕೂತೆ. ಹಾಡು ಒಂದೂ ಪೂರ್ತಿ ನೆನಪಿರಲಿಲ್ಲ.

ಟೀ ಹೊತ್ತಿಗೆ ಎದ್ದು ನಿಂತು ಹೇಳಿದೆ. ಬ್ರಿನ್‌ಗ್ಲಾಸ್ ಹೇಡನ್ ನಮ್ಮ ನೀರು ತೆಗೆದುಕೊಂಡಿಲ್ಲ. ಜೌಗು ಬತ್ತಿದ್ದು ನಾನು ಮೋರಿ ಬಿಡಿಸಿದ್ದಕ್ಕೆ. ತರಗತಿಯಲ್ಲಿ ಓದಿದ ದಿನ ದನಿ ಎಷ್ಟು ಗಟ್ಟಿಯಿತ್ತು. ಇವತ್ತು ಎರಡು ಸಲ ಹೇಳಬೇಕಾಯಿತು, ಹಿಂದೆ ಕೂತವರಿಗೆ ಕೇಳಿಸಲಿಲ್ಲ.

ಗ್ವೆನೀರಾ ಪ್ರಿಸ್ ಕೇಳಿದಳು, "ಬಿಡಿಸಿದ್ಯಾ? ಎಮ್ರಿಸ್ ಹೊಲದಲ್ಲಿ ಕಟ್ಟಿಕೊಂಡ ಮೋರೀನೇ? ಯಾರಮ್ಮ ಕಟ್ಟಿದ್ದು?" ಯಾರೋ ನಕ್ಕರು.

"ಅದನ್ನ ನಾನು ಹೇಳಲ್ಲ," ಎಂದೆ.

ಹೇಡನ್ ಬಟ್ಟಲಿನಿಂದ ಕಣ್ಣೆತ್ತದೆ ಹೇಳಿದ, "ಮುಳ್ಳು ಬೆಳೆದಿತ್ತು. ಬೇರು ಒಳಗೆ ಹೋಗಿತ್ತು. ಯಾರ ಹೊಲದಲ್ಲೂ ಆಗುತ್ತೆ."

ಅದು ಸುಳ್ಳು. ಚಪ್ಪಡಿಗಾಗಿ ಕೆತ್ತಿದ್ದ ಆ ಕೊರಕಲಿನ ಮೇಲೆ ಬೆರಳಾಡಿಸಿದವನು ಅವನೇ. ನಾನು ತಿದ್ದಲಿಲ್ಲ. ಕೂತು ಟೀ ಕುಡಿದೆ.

ಹೊರಗೆ ಬಂದಾಗ, ನನ್ನ ಬಗ್ಗೆಯೂ ಹೇಳಬಹುದಿತ್ತಲ್ಲ, ಎಂದು ಹೇಡನ್ ಕೇಳಿದ. ಮರಿಗಳ ವಿಷಯ. ಅದು ನೀವು ಹೇಳಬೇಕಾದ್ದು ಎಂದೆ. ಅವನು ಹೇಳುವುದಿಲ್ಲ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು.

ಜುಲೈ 12

ಒಂದು ವಾರದಿಂದ ಮಳೆ. ಜೌಗು ತುಂಬಿದೆ. ದಾರಿಯೂ ತುಂಬಿದೆ, ಅಮ್ಮ ಈಗ ಕಾರನ್ನು ಮೇಲಿನ ಗೇಟಿನ ಹತ್ತಿರ ಬಿಟ್ಟು ನಡೆದು ಬರುತ್ತಾಳೆ. ತೊಟ್ಟಿಯಲ್ಲಿದ್ದ ಗೊದಮೊಟ್ಟೆಗಳಲ್ಲಿ ಬದುಕಿದವು ಕಪ್ಪೆಗಳಾಗಿವೆ. ಬಕೆಟ್ಟಿನಲ್ಲಿ ಒಯ್ದು ಬಿಟ್ಟೆ. ನೀಲಿ ಏರೋಪ್ಲೇನ್ ಚಿಟ್ಟೆಗಳು, ನೀರಿನ ಇಲಿ ಕಡಿದ ಜೊಂಡಿನ ತುಂಡುಗಳು, ಎಲ್ಲ ಇವೆ. ಆಡಿನಂತೆ ಸದ್ದು ಮಾಡುವ ಹಕ್ಕಿಯೂ ಒಂದು ಸಂಜೆ ಬಂತು. ನೋಡಿದವರು ಏನೂ ಆಗಿಲ್ಲ ಅಂದುಕೊಳ್ಳುತ್ತಾರೆ.

ಗಲ್ವಿನಿರ್ ಜೋಡಿ ಜೂನ್ ಮುಗಿಯುವ ಮೊದಲೇ ಸಮುದ್ರದ ಕಡೆ ಹೋಯಿತು.

ಕೋಣೆ ಬೇರೆಯವರಿಗೆ ಕೊಟ್ಟೆವು ಎಂದು ಲೌರಿ ಬರೆದಿದ್ದಾಳೆ. ಎರಡು ವಾರದ ಹಿಂದಿನ ಮೆಸೇಜ್. ಇವತ್ತು ನೋಡಿದೆ.

ನವೆಂಬರ್ 3

ಹಿಂಬಾಗಿಲಿಗೆ ಇನ್ನೂ ಮೆಟ್ಟಿಲು ಹಾಕಿಲ್ಲ. ತಾತ ಇಳಿಯುವಾಗ ನನ್ನ ಭುಜ ಹಿಡಿಯುತ್ತಾನೆ. ಆ ಹೊತ್ತಿಗೆ ನಾನು ಅಲ್ಲಿರುತ್ತೇನೆ.

ಮಾರ್ಚ್ 16

ಅಡುಗೆಮನೆಯ ಕಿಟಕಿ ಒಂದು ವಾರದಿಂದ ತೆರೆದೇ ಇದೆ, ಕೂಗು ಇನ್ನೂ ಕೇಳಿಸಿಲ್ಲ. ಅಮ್ಮ ಕೋಟು ಹಾಕಿಕೊಂಡು ಅಡುಗೆ ಮಾಡುತ್ತಾಳೆ.

ಇವತ್ತು ಹೇಡನ್ ಕೆಳಗಿನ ಗೇಟಿನವರೆಗೆ ಬಂದ. ಚಾಪೆಲ್‌ನ ಆ ಭಾನುವಾರದ ನಂತರ ಅವನು ಈ ಕಡೆ ಬಂದಿರಲಿಲ್ಲ. ದಾರಿಯ ನೀರಿನ ಆಚೆ ನಿಂತು ಕೂಗಿದ, "ಬಂತಾ?"

ನಾನು ಅಂಗಳದಲ್ಲಿದ್ದೆ. ಕಿಟಕಿಯ ಒಳಗಿನಿಂದ ತಾತ ಮೆಲ್ಲಗೆ ಹೇಳಿದ, "ಬಂದಿದೆ ಅನ್ನು ಅವನಿಗೆ. ಪಾಪ."

ತಾತ ಯಾರಿಗಾದರೂ ಪಾಪ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಇಲ್ಲ," ಎಂದು ಕೂಗಿದೆ.

ಹೇಡನ್ ತಲೆಯಾಡಿಸಿ ತಿರುಗಿದ. ಒಳಗೆ ಬಂದೆ. ತಾತ ನನ್ನ ಮುಖ ನೋಡಲಿಲ್ಲ. ಒಲೆಗೆ ಇನ್ನೆರಡು ಕೊರಡು ಹಾಕಿ, ಕುರ್ಚಿ ಎಳೆದುಕೊಂಡು ಕಿಟಕಿಯ ಇನ್ನೊಂದು ಬದಿಗೆ ಕೂತೆ.